ಉಕ್ಕಿನ ತೊಟ್ಟಿಲಿನ ಹರಕೆ

ಮಂಗಳೂರಿನ ಬೋಳಾರಕ್ಕೆ ಬರುವವರಿಗೆ ದಾರಿ ಹೇಳುವುದೆಂದರೆ ಮೊದಲು ಮಂಗಳಾದೇವಿ ದೇವಸ್ಥಾನ, ಆಮೇಲೆ ಉಳಿದದ್ದು. ಅಲ್ಲಿಂದ ನೇತ್ರಾವತಿಯ ಕಡೆಗೆ ಇಳಿಯುವ ಒಂದು ಅಡ್ಡರಸ್ತೆಯಲ್ಲಿ ಹೊಸ ಫ್ಲಾಟಿನ ಒಕ್ಕಲಿಗೆ ಹೋಗಿದ್ದೆ. ಗಣಹೋಮದ ಹೊಗೆ ಇನ್ನೂ ಪರದೆಗಳಲ್ಲಿ ಸಿಕ್ಕಿಕೊಂಡಿತ್ತು. ಊಟಕ್ಕೆ ಮೊದಲು ಮನೆ ತೋರಿಸುವ ಶಾಸ್ತ್ರ. ಅಡುಗೆಮನೆ, ದೇವರ ಕೋಣೆ ಮುಗಿದು ಮಗನ ಓದುವ ಕೋಣೆಗೆ ಬಂದೆವು. ಮೇಜಿನ ಮೇಲೆ ನೀಟ್ ಪುಸ್ತಕಗಳ ಗೋಪುರ, ಅದರ ಪಕ್ಕದಲ್ಲಿ ಅದು: ಹೊಳೆಯುವ ಚೌಕಟ್ಟು, ಸಾಲಾಗಿ ತೂಗುವ ಐದು ಉಕ್ಕಿನ ಗುಂಡು. ಯಾರೋ ಉಡುಗೊರೆ ಕೊಟ್ಟದ್ದಂತೆ. ಯಜಮಾನರು ತುದಿಯ ಗುಂಡನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಟಕ್. ಆಚೆ ತುದಿಯ ಗುಂಡು ಹಾರಿತು, ನಡುವಿನ ಮೂರು ಅಲುಗಿದಂತೆಯೇ ಕಾಣಲಿಲ್ಲ. ಮಂಗಳಾರತಿಗೆ ನಿಂತವರ ಹಾಗೆ ನಾವೆಲ್ಲ ಕೈಕಟ್ಟಿ ನೋಡಿದೆವು.

ಆಗ ಆ ಮನೆಯ ಚಿಕ್ಕವಳು, ಎರಡನೇ ಕ್ಲಾಸೋ ಮೂರನೇ ಕ್ಲಾಸೋ ಇರಬೇಕು, ನಮ್ಮ ನಡುವೆ ನುಸುಳಿ ಬಂದು ಎರಡು ಗುಂಡು ಒಟ್ಟಿಗೆ ಹಿಡಿದು ಬಿಟ್ಟಳು. ಆಚೆಯಿಂದ ಎರಡೇ ಹಾರಿದವು. "ಪಪ್ಪಾ, ನಾನು ಎರಡು ಬಿಟ್ಟದ್ದು ಅಂತ ಅದಕ್ಕೆ ಹೇಗೆ ಗೊತ್ತಾಯ್ತು? ಅದಕ್ಕೆ ಲೆಕ್ಕ ಬರ್ತದಾ?" ಅಣ್ಣ ಮೊಬೈಲಿನಿಂದ ತಲೆ ಎತ್ತದೆಯೇ, "ಕನ್ಸರ್ವೇಷನ್ ಆಫ್ ಮೊಮೆಂಟಮ್" ಎಂದ. ಅಪ್ಪನ ಮುಖ ಅರಳಿತು. "ಮುಟ್ಬೇಡ ಮಗಾ, ನೂಲು ಸಿಕ್ಕಾದ್ರೆ ಬಿಡಿಸ್ಲಿಕ್ಕೆ ಆಗುದಿಲ್ಲ" ಎಂದು ಮಗಳ ಕೈಹಿಡಿದು ಸರಿಸಿದರು. ನಾವು ಊಟಕ್ಕೆ ನಡೆದೆವು. ಆ ಕೋಣೆಯಲ್ಲಿ ಆ ಹೊತ್ತಿಗೆ ಭೌತವಿಜ್ಞಾನ ಮಾಡುತ್ತಿದ್ದವಳು ಅವಳೊಬ್ಬಳೇ. ಹೊರಗೆ ಕಳಿಸಿದ್ದೂ ಅವಳನ್ನೇ.

ಈ ಆಟಿಕೆಯನ್ನು ಮೇಜಿನ ಮೇಲಿಟ್ಟರೆ ಮಕ್ಕಳಿಗೆ ವಿಜ್ಞಾನದ ರುಚಿ ಹತ್ತುತ್ತದೆ ಎಂಬ ಮಾತು ನಮ್ಮ ಊರಿನಲ್ಲಿ ಯಾರ ತಕರಾರೂ ಇಲ್ಲದೆ ಒಪ್ಪಿತವಾಗಿಬಿಟ್ಟಿದೆ. ಡಾಕ್ಟರ ಮೇಜಿನಲ್ಲಿ ಅದು ಉಂಟು, ಬ್ಯಾಂಕಿನ ಮ್ಯಾನೇಜರ ಮೇಜಿನಲ್ಲಿ ಉಂಟು, ಕೋಚಿಂಗ್ ಸೆಂಟರಿನ ರಿಸೆಪ್ಶನ್ನಿನಲ್ಲಿ ಫೀಸಿನ ರಶೀದಿ ಪುಸ್ತಕದ ಪಕ್ಕ ಉಂಟು. ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನವಾಗಿ, ಬೀಳ್ಕೊಡುಗೆಯಲ್ಲಿ ಸ್ಮರಣಿಕೆಯಾಗಿ, ಬರ್ತ್‌ಡೇಗೆ 'ಏನಾದರೂ ಎಜುಕೇಶನಲ್ ಆಗಿರಲಿ' ಎನ್ನುವವರ ಸುಲಭದ ಆಯ್ಕೆಯಾಗಿ ಅದು ಕೈಯಿಂದ ಕೈಗೆ ಹೋಗುತ್ತದೆ. ಪ್ಲಾಸ್ಟಿಕ್ ಕಾರು ಕೊಟ್ಟರೆ ಹಾಳು ಖರ್ಚು, ಇದನ್ನು ಕೊಟ್ಟರೆ ಸಂಸ್ಕಾರ. ನನ್ನ ದೂರು ಇಷ್ಟೇ: ಇದು ರುಚಿ ಹತ್ತಿಸುವುದಿಲ್ಲ, ಹತ್ತಿದ್ದ ರುಚಿಯನ್ನೂ ಬಿಡಿಸುತ್ತದೆ. ನಾವು ಅದನ್ನು ಕೊಳ್ಳುವುದು ಮಕ್ಕಳಿಗಾಗಿಯೂ ಅಲ್ಲ. ಮಕ್ಕಳ ಕೈಗೆ ವಿಜ್ಞಾನ ಕೊಡುವ ಕೆಲಸದಿಂದ ತಪ್ಪಿಸಿಕೊಳ್ಳಲು ತೆರುವ ತಪ್ಪುಕಾಣಿಕೆ ಅದು.

ಸಂತಾನಕ್ಕಾಗಿ ದೇವರಿಗೆ ಪುಟ್ಟ ತೊಟ್ಟಿಲು ಒಪ್ಪಿಸುವ ಹರಕೆ ನಮ್ಮವರಿಗೆ ಹೊಸದಲ್ಲ. ಮಗು ಹುಟ್ಟಲಿ ಎಂದು ಆ ತೊಟ್ಟಿಲು, ಹುಟ್ಟಿದ ಮಗು ಮೆಡಿಕಲ್ ಸೀಟು ತರಲಿ ಎಂದು ಈಗ ಈ ತೊಟ್ಟಿಲು. ಹಳೆಯ ಹರಕೆಯಲ್ಲಿ ಒಂದು ಪ್ರಾಮಾಣಿಕತೆಯಾದರೂ ಇತ್ತು. ಒಪ್ಪಿಸಿದವರಿಗೆ ತಾವು ಒಪ್ಪಿಸುತ್ತಿರುವುದು ಹರಕೆ ಎಂದು ಗೊತ್ತಿತ್ತು. ಅದನ್ನು ಶಿಕ್ಷಣ ಎಂದು ಯಾರೂ ಕರೆಯಲಿಲ್ಲ.

ಇನ್ನು ಹೆಸರು. ನ್ಯೂಟನ್ಸ್ ಕ್ರೇಡಲ್, ಅಂದರೆ ನ್ಯೂಟನ್ನನ ತೊಟ್ಟಿಲು. ಅದು ತೊಟ್ಟಿಲಲ್ಲ ಎಂಬುದು ಕಣ್ಣಿಗೇ ಕಾಣುತ್ತದೆ, ನ್ಯೂಟನ್ನನದ್ದೂ ಅಲ್ಲ. ತೂಗುಬಿಟ್ಟ ಗುಂಡುಗಳನ್ನು ಡಿಕ್ಕಿ ಹೊಡೆಸಿ ಲೆಕ್ಕ ಹಾಕಿದ ಗ್ರಂಥವನ್ನು 1673ರಲ್ಲಿ ಪ್ರಕಟಿಸಿದವರು ಫ್ರಾನ್ಸಿನ ಪಾದ್ರಿ ಎದ್ಮ್ ಮಾರಿಯೋಟ್. ಅದಕ್ಕೂ ಮೊದಲೇ ಹೈಗನ್ಸ್, ರೆನ್, ವಾಲಿಸ್ ಡಿಕ್ಕಿಯ ನಿಯಮಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟಿದ್ದರು. 1687ರ 'ಪ್ರಿನ್ಸಿಪಿಯಾ'ದಲ್ಲಿ ನ್ಯೂಟನ್ ಈ ಎಲ್ಲರ ಹೆಸರನ್ನೂ ಹೇಳಿ ಋಣ ತೀರಿಸಿದ್ದಾನೆ. ಹಾಗಾದರೆ ಈ ಹೆಸರಿಟ್ಟವರು ಯಾರು? ಸೈಮನ್ ಪ್ರೆಬಲ್ ಎಂಬ ಇಂಗ್ಲಿಷ್ ನಟ, 1967ರಲ್ಲಿ. ಅವನ ಕಂಪೆನಿ ಅದನ್ನು ಮರದ ಚೌಕಟ್ಟಿನಲ್ಲಿ ಮಾಡಿತು, ಲಂಡನ್ನಿನ ಹ್ಯಾರಡ್ಸ್ ಅಂಗಡಿ ಮಾರಿತು. ಅದಕ್ಕೆ ಕ್ರೋಮಿನ ಹೊಳಪು ಕೊಟ್ಟವರು ಮುಂದೆ ಸಿನಿಮಾ ನಿರ್ದೇಶಕರಾದ ಶಿಲ್ಪಿ ರಿಚರ್ಡ್ ಲಾಂಕ್ರೇನ್. ಅದನ್ನು ಕೊಂಡ ಗಿರಾಕಿ ಶಾಲೆಯ ಮಗು ಆಗಿರಲಿಲ್ಲ. ಫೈಲು ನೋಡಿ ಬೇಸತ್ತ ಸಾಹೇಬ ಆಗಿದ್ದ. ಅಲ್ಲಿ ಅದರ ಹೆಸರೇ ಎಕ್ಸಿಕ್ಯೂಟಿವ್ ಟಾಯ್. ಲಂಡನ್ನಿನ ಆಫೀಸರನ ಬೇಸರ ಕಳೆಯಲು ಹುಟ್ಟಿದ ಸಾಮಾನು ಬೋಳಾರದ ಹುಡುಗನ ಮೇಜಿನ ಮೇಲೆ ವೈಜ್ಞಾನಿಕ ಮನೋಭಾವ ಆಗಿ ಕೂತದ್ದು ಯಾವಾಗ?

ನ್ಯೂಟನ್ ನಿಜವಾಗಿ ಮಾಡಿದ್ದನ್ನು ಕೇಳಿದರೆ ಆಟಿಕೆ ಮಾರುವವರಿಗೆ ನಾಚಿಕೆಯಾಗಬೇಕು. ಹತ್ತು ಅಡಿ ಉದ್ದದ ದಾರಗಳಲ್ಲಿ ಗುಂಡು ತೂಗುಬಿಟ್ಟು, ಗಾಳಿ ಎಷ್ಟು ವೇಗ ನುಂಗುತ್ತದೆ ಎಂದು ಬೇರೆಯೇ ಅಳೆದು, ಆ ನಷ್ಟವನ್ನು ಕಳೆದು ಅವನು ಲೆಕ್ಕ ಮಾಡಿದ. ಉಕ್ಕು ಒಂದೇ ಅಲ್ಲ, ಬಿಗಿಯಾಗಿ ಸುತ್ತಿದ ಉಣ್ಣೆಯ ಉಂಡೆ, ಬೆಂಡು, ಗಾಜು, ಎಲ್ಲವನ್ನೂ ಒಂದಕ್ಕೊಂದು ಹೊಡೆಸಿದ. ಉಣ್ಣೆಯ ಉಂಡೆಗಳು 9ರ ವೇಗದಲ್ಲಿ ಹತ್ತಿರ ಬಂದರೆ 5ರ ವೇಗದಲ್ಲಿ ದೂರ ಸರಿಯುತ್ತವೆ, ಗಾಜಿನವು 16ಕ್ಕೆ 15 ಎಂದು ಬರೆದಿಟ್ಟ. ಅಂದರೆ ಅವನು ಅಳೆದದ್ದು ಕಳೆದುಹೋಗುವುದನ್ನು. ಅವನ ಹೆಸರು ಅಂಟಿಸಿಕೊಂಡ ಆಟಿಕೆಯ ಇಡೀ ಮೋಡಿ ನಿಂತಿರುವುದು ಏನೂ ಕಳೆಯುವುದಿಲ್ಲ ಎಂಬ ಭ್ರಮೆಯ ಮೇಲೆ! ಉಣ್ಣೆಯ ಉಂಡೆ ತೂಗುಬಿಟ್ಟ ಒಂದೇ ಒಂದು 'ತೊಟ್ಟಿಲ'ನ್ನು ಯಾವ ಅಂಗಡಿಯಲ್ಲಾದರೂ ನೋಡಿದ್ದೀರಾ? ಸಿಕ್ಕಲಿಕ್ಕಿಲ್ಲ. ಅದು ಹೊಳೆಯುವುದಿಲ್ಲ, ಟಕ್ ಎನ್ನುವುದಿಲ್ಲ, ಉಡುಗೊರೆಯ ಕಾಗದದಲ್ಲಿ ಚಂದ ಕಾಣುವುದಿಲ್ಲ.

ಈಗ ಆ ಅಣ್ಣನ ಉತ್ತರಕ್ಕೆ ಬರೋಣ. ಡಬ್ಬಿಯ ಮೇಲೆ ಅಚ್ಚಾಗಿರುವುದೂ ಅದೇ, ಟೀಚರು ಹೇಳುವುದೂ ಅದೇ: ಸಂವೇಗ ಉಳಿಯಬೇಕು, ಚಲನಶಕ್ತಿ ಉಳಿಯಬೇಕು, ಆದ್ದರಿಂದ ಒಂದು ಬಿಟ್ಟರೆ ಒಂದೇ ಏಳಬೇಕು. ಕೇಳಲು ಚೊಕ್ಕವಾಗಿದೆ. ಸಾಲದು ಎಂಬುದಷ್ಟೇ ಅದರ ತೊಂದರೆ. ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಐದು ಗುಂಡಿನ ತೂಕವೂ ಒಂದೇ, ಬಂದು ಹೊಡೆಯುವ ಗುಂಡಿನ ವೇಗ 1 ಎಂದಿಟ್ಟುಕೊಳ್ಳಿ. ಹೊಡೆದ ಗುಂಡು 0.6ರ ವೇಗದಲ್ಲಿ ಹಿಂದಕ್ಕೆ ಪುಟಿಯಿತು, ಉಳಿದ ನಾಲ್ಕೂ ಜೊತೆಯಾಗಿ 0.4ರ ವೇಗದಲ್ಲಿ ಮುಂದಕ್ಕೆ ಹೋದವು ಎನ್ನೋಣ. ಸಂವೇಗ ಎಷ್ಟಾಯಿತು? ನಾಲ್ಕು ಸಲ 0.4 ಅಂದರೆ 1.6, ಹಿಂದಕ್ಕೆ ಹೋದ 0.6 ಕಳೆಯಿರಿ, ಉಳಿದದ್ದು 1. ಚಲನಶಕ್ತಿಗೆ ವೇಗದ ವರ್ಗ ಬೇಕು: ನಾಲ್ಕು ಸಲ 0.16 ಅಂದರೆ 0.64, ಅದಕ್ಕೆ 0.36 ಕೂಡಿಸಿ, ಮತ್ತೆ 1. ಎರಡೂ ನಿಯಮಗಳಿಗೆ ಪೂರ್ತಿ ಸಮಾಧಾನ. ಆದರೂ ಗುಂಡುಗಳು ಹಾಗೆ ಮಾಡುವುದಿಲ್ಲ. ಯಾಕೆ ಮಾಡುವುದಿಲ್ಲ? ಡಬ್ಬಿಯ ಮೇಲೆ ಅದಕ್ಕೆ ಉತ್ತರ ಇಲ್ಲ. ಎರಡು ಗುಂಡಿಗೆ ಎರಡು ಸಮೀಕರಣ ಸಾಕು. ಐದು ಗುಂಡಿನ ಐದು ವೇಗಗಳನ್ನು ಎರಡೇ ಸಮೀಕರಣಗಳಲ್ಲಿ ಕಟ್ಟಿಹಾಕಲು ಆಗುವುದಿಲ್ಲ ಎಂಬುದು ಹೈಸ್ಕೂಲಿನ ಬೀಜಗಣಿತ. ಅಷ್ಟನ್ನು ಗಮನಿಸದೆ ತಲೆಮಾರುಗಳಿಂದ ಈ ಉತ್ತರ ಒಪ್ಪಿಸಿಕೊಂಡು ಬಂದಿದ್ದೇವೆ.

ಚಿಕ್ಕವಳ ಪ್ರಶ್ನೆ ಇದ್ದದ್ದು ಸರಿಯಾಗಿ ಅಲ್ಲಿಯೇ. ಗುಂಡುಗಳು ಒಂದನ್ನೊಂದು ತಾಕಿಕೊಂಡಂತೆ ಕಂಡರೂ ಪೆಟ್ಟು ಎಲ್ಲಕ್ಕೂ ಒಂದೇ ಕ್ಷಣದಲ್ಲಿ ಬೀಳುವುದಿಲ್ಲ. ಮೊದಲನೆಯದು ಎರಡನೆಯದಕ್ಕೆ ಕೊಡುತ್ತದೆ, ಎರಡನೆಯದು ಮೂರನೆಯದಕ್ಕೆ, ಹೀಗೆ ಜೋಡಿ ಜೋಡಿಯಾಗಿ ಸಾಗುತ್ತದೆ. ಸಮ ತೂಕದ ಎರಡು ಗುಂಡು ಡಿಕ್ಕಿಯಾದರೆ ವೇಗ ಅದಲುಬದಲಾಗುತ್ತದೆ, ಅಷ್ಟೇ. ಎರಡು ಬಿಟ್ಟರೆ ಮುಂದಿನದು ಕೊಟ್ಟ ಪೆಟ್ಟು ಮೊದಲು ಓಡುತ್ತದೆ, ಅದರ ಬೆನ್ನಿಗೇ ಹಿಂದಿನದರ ಪೆಟ್ಟು ಓಡುತ್ತದೆ, ತುದಿಯಲ್ಲಿ ಎರಡು ಗುಂಡು ಒಂದರ ಹಿಂದೊಂದು ಹೊರಡುತ್ತವೆ. ಗುಂಡಿಗೆ ಲೆಕ್ಕ ಬರುವುದಿಲ್ಲ ಮಗೂ, ಅದು ಪಕ್ಕದವನಿಗೆ ದಾಟಿಸುತ್ತದೆ ಮಾತ್ರ. ಸೂಕ್ಷ್ಮವಾಗಿ ನೋಡಿದರೆ ಈ ದಾಟಿಸುವಿಕೆಯೂ ಪೂರ್ತಿ ಚೊಕ್ಕವಲ್ಲ, ನಡುವಿನ ಗುಂಡುಗಳು ಮೊದಲ ಪೆಟ್ಟಿಗೇ ತುಸು ಅಲುಗುತ್ತವೆ. ಸಂವೇಗ, ಚಲನಶಕ್ತಿಯ ನಿಯಮಗಳಷ್ಟೇ ಇದಕ್ಕೆ ಸಾಲವು ಎಂಬುದನ್ನು ಹೆರ್ಮನ್ ಮತ್ತು ಶ್ಮಾಲ್ಸ್ಲೆ ಎಂಬಿಬ್ಬರು 1981ರಲ್ಲಿ ಅಮೆರಿಕದ ಭೌತವಿಜ್ಞಾನ ಅಧ್ಯಾಪಕರ ಪತ್ರಿಕೆಯಲ್ಲಿ ಬರೆದು ತೋರಿಸಿದರು. ಮಾರಿಯೋಟನಿಂದ ಮುನ್ನೂರು ವರ್ಷ ಕಳೆದ ಮೇಲೂ ಬಲ್ಲವರು ತಲೆ ಕೆರೆದುಕೊಳ್ಳುವಷ್ಟು ಸರಕು ಆ ಪ್ರಶ್ನೆಯಲ್ಲಿತ್ತು. ನಾವು ಅದಕ್ಕೆ ಕೊಟ್ಟದ್ದು ಮೂರು ಇಂಗ್ಲಿಷ್ ಪದ ಮತ್ತು 'ಮುಟ್ಬೇಡ'.

ಮಾರುವವರು ಹೇಳುವ ಇನ್ನೊಂದು ಮಾತು, ಇದು ನಿಲ್ಲದೆ ಆಡುತ್ತಲೇ ಇರುತ್ತದೆ ಎಂಬುದು. ಒಂದು ಸಲ ಕೂತು ಕೊನೆಯವರೆಗೆ ನೋಡಿ. ನೂರಕ್ಕೆ ತೊಂಬತ್ತು ಮಂದಿ ನೋಡಿರುವುದಿಲ್ಲ, ಯಾಕೆಂದರೆ ನಾಲ್ಕು ಟಕ್ ಕೇಳಿದ ಮೇಲೆ ನಮ್ಮ ಭಕ್ತಿ ಮುಗಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ನಡುವಿನ ಗುಂಡುಗಳೂ ತೊನೆಯತೊಡಗುತ್ತವೆ, ಸದ್ದು ಮಂಕಾಗುತ್ತದೆ, ಕಡೆಗೆ ಐದೂ ಒಟ್ಟಿಗೆ ಓಲಾಡಿ ನಿಲ್ಲುತ್ತವೆ. ನಿಲ್ಲುವುದೇ ಅದರ ಒಳ್ಳೆಯ ಪಾಠ. ಕೊಟ್ಟ ಶಕ್ತಿ ಎಲ್ಲಿಗೆ ಹೋಯಿತು? ನಿಮ್ಮ ಕಿವಿಗೆ ಬಿದ್ದ ಟಕ್ ಒಂದಿಷ್ಟನ್ನು ಒಯ್ದಿತು, ಗಾಳಿ ಒಂದಿಷ್ಟು, ಉಕ್ಕು ಬಿಸಿಯಾಗಲು ಒಂದಿಷ್ಟು, ಚೌಕಟ್ಟು ನಡುಗಲು ಒಂದಿಷ್ಟು. ಪ್ರತಿ ಸದ್ದೂ ಸೋರಿಕೆಯ ಸದ್ದು. ನಾವು ಮೆಚ್ಚುವುದು ಆ ಸೋರಿಕೆಯನ್ನೇ, ಹೊಗಳುವುದು ಸೋರುವುದಿಲ್ಲ ಎಂದು.

ಇದೇ ಕೆಲಸವನ್ನು ನಮ್ಮವರೊಬ್ಬರು ಕೈಯಾರೆ ಮಾಡಿದ್ದಾರೆ. ಸಿ.ವಿ. ರಾಮನ್ ಬೆಂಗಳೂರಿಗೆ ಬರುವುದಕ್ಕೆ ಬಹಳ ಮೊದಲು, ಕಲ್ಕತ್ತೆಯಲ್ಲಿ, ಗುಂಡುಗಳನ್ನು ದಾರದಲ್ಲಿ ತೂಗುಬಿಟ್ಟು ತೀರ ನಿಧಾನವಾಗಿ ತಾಕಿಸಿ ಫೋಟೊ ತೆಗೆದರು. 1918ರಲ್ಲಿ 'ಫಿಸಿಕಲ್ ರಿವ್ಯೂ'ನಲ್ಲಿ ಅದು ಪ್ರಕಟವಾಯಿತು. ಡಿಕ್ಕಿ ಮೆಲ್ಲಗಾದಷ್ಟೂ ಕಳೆದುಹೋಗುವ ಪಾಲು ಕಡಿಮೆ ಎಂಬುದು ಅವರು ಕಂಡದ್ದು. ನೊಬೆಲ್ ಬಂದ ಬೆಳಕಿನ ಸಂಶೋಧನೆಗೆ ಹತ್ತು ವರ್ಷ ಮೊದಲಿನ ಕತೆ ಇದು. ಆ ಮನುಷ್ಯನಿಗೆ ಯಾರೂ ಹೊಳೆಯುವ ಚೌಕಟ್ಟಿನ ಉಡುಗೊರೆ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಮೊದಲ ದಿನವೇ ಬಿಚ್ಚಿಹಾಕುತ್ತಿದ್ದರು ಎಂದು ನನ್ನ ಅಂದಾಜು. ಫೆಬ್ರುವರಿ 28ರ ವಿಜ್ಞಾನ ದಿನ ಬಂದಾಗ ನಮ್ಮ ಶಾಲೆಗಳಲ್ಲಿ ಅವರ ಫೋಟೊಕ್ಕೆ ಹೂವಿನ ಹಾರ ಹಾಕುತ್ತೇವೆ. ಅದೇ ವೇದಿಕೆಯಲ್ಲಿ ಕ್ವಿಜ್ ಗೆದ್ದವನಿಗೆ ಈ ಆಟಿಕೆ ಕೊಡುತ್ತೇವೆ, ಡಬ್ಬಿ ಒಡೆಯದ ಹಾಗೆ ಸೆಲ್ಲೋಟೇಪು ಸುತ್ತಿ.

ಬೋಳಾರದಲ್ಲಿ ಕೂತು ಭೌತವಿಜ್ಞಾನವನ್ನು ಪಾರ್ಸೆಲಿನಲ್ಲಿ ತರಿಸುವುದು ನೇತ್ರಾವತಿಯ ದಡದಲ್ಲಿ ನಿಂತು ಬಾಟಲಿ ನೀರು ಕೊಂಡ ಹಾಗೆ. ಜೆಪ್ಪುವಿನಿಂದ ಹೊಯಿಗೆಬಜಾರಿನವರೆಗೆ ಈ ನದಿದಡ ಹಂಚಿನ ಊರಾಗಿತ್ತು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರ ಹೊತ್ತಿಗೆ ಶುರುಮಾಡಿದ ಕೆಲಸ ಮಂಗಳೂರು ಹಂಚು ಎಂಬ ಹೆಸರನ್ನು ಸಮುದ್ರದಾಚೆಗೂ ಒಯ್ದಿತು. ಹೊಗೆಗೊಳವೆಗಳು ಒಂದೊಂದಾಗಿ ಆರಿಹೋಗಿ, ಆವೆಮಣ್ಣು ತುಳಿದ ಅಂಗಳಗಳಲ್ಲಿ ಈಗ ಪಾರ್ಕಿಂಗ್ ಗೆರೆ ಎಳೆದಿದ್ದಾರೆ. ಆದರೆ ಹಂಚಿನ ಕೆಲಸ ಬಲ್ಲವರು ಇನ್ನೂ ಇದ್ದಾರೆ. ಒಂದು ಹಂಚನ್ನು ಕೈಯಲ್ಲಿ ಹಿಡಿದು ಬೆರಳ ಗಂಟಿನಿಂದ ಬಡಿಯುತ್ತಾರೆ. ಟಣ್ ಎಂದರೆ ಚೆನ್ನಾಗಿ ಬೆಂದಿದೆ, ಡಬ್ ಎಂದರೆ ಒಳಗೆಲ್ಲೋ ಬಿರುಕು. ಕಣ್ಣಿಗೆ ಕಾಣದ ಬಿರುಕು ಪೆಟ್ಟಿನ ಸದ್ದನ್ನು ಹೇಗೆ ನುಂಗಿತು? ನ್ಯೂಟನ್ ಉಣ್ಣೆಯಲ್ಲೂ ಗಾಜಿನಲ್ಲೂ ಕೇಳಿದ ಪ್ರಶ್ನೆಗೆ ಇದು ಒಡಹುಟ್ಟು. ಮಾಡು ರಿಪೇರಿಗೆ ಬಂದ ಕೆಲಸದಾಳಿನ ಹತ್ತಿರ ನಿಮ್ಮ ಮಗುವನ್ನು ಹತ್ತು ನಿಮಿಷ ನಿಲ್ಲಿಸಿದ್ದೀರಾ? "ಬಿಸಿಲಲ್ಲಿ ನಿಲ್ಬೇಡ, ಒಳಗೆ ಹೋಗಿ ಓದು" ಎಂದಿದ್ದೀರಿ.

ಹಳೆ ಬಂದರಿನ ದಕ್ಕೆಗೆ ಹೋಗಿ. ಮಳೆಗಾಲದ ರಜೆಯಲ್ಲಿ ಬೋಟುಗಳು ಒತ್ತೊತ್ತಾಗಿ ಕಟ್ಟಿ ನಿಂತಿರುತ್ತವೆ, ನಡುನಡುವೆ ಹಳೆ ಟಯರು. ಒಂದು ಬೋಟು ಅಲೆಗೆ ವಾಲಿದರೆ ಪೆಟ್ಟು ಸಾಲಿನ ಆಚೆ ತುದಿಗೆ ಹಾಗೆಯೇ ಹೋಗಬಾರದು ಎಂದೇ ಆ ಟಯರು ತೂಗುಬಿಟ್ಟದ್ದು. ಉಕ್ಕಿನ ತೊಟ್ಟಿಲು ಉಳಿಸಿಕೊಳ್ಳುವುದನ್ನು ಮೀನುಗಾರ ಬೇಕೆಂದೇ ಕಳೆಯುತ್ತಾನೆ. ಮಹಾಕಾಳಿಪಡ್ಪುವಿನ ಹತ್ತಿರ ಗೂಡ್ಸ್ ರೈಲು ನಿಂತು ಹೊರಡುವಾಗ ಎಂಜಿನಿನಿಂದ ಶುರುವಾದ ಗಡಕ್ ಗಡಕ್ ಒಂದೊಂದೇ ವ್ಯಾಗನ್ನು ದಾಟಿ ಹಿಂದಕ್ಕೆ ಓಡುವುದನ್ನು ಕೇಳಿ. ಚಿಕ್ಕವಳ ಪ್ರಶ್ನೆಗೆ ಅಷ್ಟು ದೊಡ್ಡ ಅಕ್ಷರದಲ್ಲಿ ಬರೆದ ಉತ್ತರ ಬೇರೆ ಎಲ್ಲಿ ಸಿಕ್ಕೀತು?

ದೂರ ಹೋಗಲು ಪುರುಸೊತ್ತಿಲ್ಲವೇ, ಕೇರಂ ಬೋರ್ಡು ಇಳಿಸಿ. ಬೋಳಾರದ ಗಲ್ಲಿಗಳಲ್ಲಿ ಕೇರಂ ಬೋರ್ಡಿಗೆ ಬರಗಾಲ ಇಲ್ಲ. ಬೋರಿಕ್ ಪೌಡರ್ ಉದುರಿಸಿ ಐದು ಕಾಯಿ ಒಂದಕ್ಕೊಂದು ತಾಗಿಸಿ ಸಾಲು ಇಡಿ, ಇನ್ನೊಂದು ಕಾಯಿಯಿಂದ ನೇರಕ್ಕೆ ಹೊಡೆಯಿರಿ, ತುದಿಯದು ಓಡುತ್ತದೆ. ಈಗ ಕಾಯಿ ಬಿಟ್ಟು ಸ್ಟ್ರೈಕರಿನಿಂದ ಹೊಡೆಯಿರಿ. ತೂಕ ಹೆಚ್ಚಾದದ್ದರಿಂದ ಆಟ ಬದಲಾಯಿತಲ್ಲ, ಎಷ್ಟು ಕಾಯಿ ಓಡಿತು, ಸ್ಟ್ರೈಕರ್ ನಿಂತಿತೇ ಹಿಂದೆ ಬಂತೇ? ಬೋರ್ಡೂ ಇಲ್ಲವೇ, ಒಂದು ರೂಪಾಯಿಯ ಆರು ನಾಣ್ಯ ಸಾಕು, ನಯವಾದ ನೆಲ ಸಾಕು. ಆರು ರೂಪಾಯಿಯ ಪ್ರಯೋಗ, ಮುಗಿದ ಮೇಲೆ ಆರೂ ರೂಪಾಯಿ ವಾಪಸು. ತಮಾಷೆ ಏನೆಂದರೆ, ಇಷ್ಟು ವರ್ಷ ನಮ್ಮ ಮಕ್ಕಳು ಓದಿಕೊಂಡು ಬಂದ ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಬಲ ಮತ್ತು ಚಲನೆಯ ನಿಯಮಗಳ ಅಧ್ಯಾಯದ ಮೊದಲ ಚಟುವಟಿಕೆಯೇ ಕೇರಂ ಕಾಯಿಗಳ ಗೋಪುರದ ಬುಡಕ್ಕೆ ಹೊಡೆಯುವುದು. ಎಷ್ಟು ಕ್ಲಾಸುಗಳಲ್ಲಿ ಬೋರ್ಡು ಬಂತು? "ಅದು ಪರೀಕ್ಷೆಗೆ ಬರುದಿಲ್ಲ, ಮುಂದಿನ ಪುಟ ತೆಗೀರಿ."

ಆಯ್ತು, ಪರೀಕ್ಷೆ. ನಮ್ಮ ಜಿಲ್ಲೆಯ ಹೆಮ್ಮೆ ಅದೇ ತಾನೆ. ದ್ವಿತೀಯ ಪಿಯುಸಿಯಲ್ಲಿ 2024ರಲ್ಲಿ ದಕ್ಷಿಣ ಕನ್ನಡ ಶೇಕಡಾ 97.37 ಪಡೆದು ರಾಜ್ಯಕ್ಕೆ ಮೊದಲು. ಮರುವರ್ಷ ಉಡುಪಿ ಮೊದಲು, ನಾವು ಕೂದಲೆಳೆಯಲ್ಲಿ ಹಿಂದೆ. ಪತ್ರಿಕೆಗಳ ಮುಖಪುಟದಲ್ಲಿ ಕಾಲೇಜುಗಳ ಜಾಹೀರಾತು, ಅಂಚೆಚೀಟಿ ಗಾತ್ರದ ನೂರಾರು ಮುಖಗಳು. ಭೌತವಿಜ್ಞಾನಕ್ಕೆ ಥಿಯರಿ 70, ಪ್ರಾಯೋಗಿಕ 30. ಆ 30 ಹೇಗೆ ಬರುತ್ತದೆ ಎಂಬುದು ಮಕ್ಕಳಿಗೂ ಗೊತ್ತು, ಅಪ್ಪ ಅಮ್ಮನಿಗೂ ಗೊತ್ತು. ರೀಡಿಂಗ್ ಮೊದಲೇ ಬಾಯಿಪಾಠ, ಉತ್ತರ ಸರಿ ಬರುವ ಹಾಗೆ ಹಿಂದಿನಿಂದ ಲೆಕ್ಕ. ನೀಟ್‌ನ 720 ಅಂಕಗಳಲ್ಲಿ ಭೌತವಿಜ್ಞಾನಕ್ಕೆ 180, ಅದರಲ್ಲಿ ಒಂದು ಅಂಕಕ್ಕೂ ಕೈಯಿಂದ ಏನನ್ನೂ ಮುಟ್ಟಬೇಕಾಗಿಲ್ಲ. ನಾನು ಪಿಯುಸಿ ಓದಿದ ಕಡೆ ಲ್ಯಾಬಿನ ಕಪಾಟಿಗೆ ಬೀಗ ಇತ್ತು. ಎರಡು ವರ್ಷದಲ್ಲಿ ಗಾಜಿನಾಚೆಯ ಲೋಲಕವನ್ನು ಬಹಳ ಸಲ ನೋಡಿದೆ, ಕೈಯಲ್ಲಿ ಹಿಡಿದದ್ದು ಪರೀಕ್ಷೆಯ ದಿನ. ಇಂಥ ವ್ಯವಸ್ಥೆಗೆ ಮೇಜಿನ ಮೇಲಿನ ಈ ಆಟಿಕೆ ಎಷ್ಟು ಒಪ್ಪುತ್ತದೆ ನೋಡಿ! ಲ್ಯಾಬಿನಲ್ಲಿ ಮುಟ್ಟಬಾರದು, ಮನೆಯಲ್ಲೂ ಮುಟ್ಟಬಾರದು. ಎರಡೂ ಕಡೆ ಹೊಳೆಯುತ್ತಿರಬೇಕು.

ಹೀಗೆಯೇ ಇದ್ದ ಜಿಲ್ಲೆ ಇದಲ್ಲ ಎಂಬುದು ನನ್ನ ಸಿಟ್ಟನ್ನು ಹೆಚ್ಚಿಸುತ್ತದೆ. ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಮೂರು ಸಂಪುಟ ಕಟ್ಟಿದರು, ದೊಡ್ಡವರಿಗೆ 'ವಿಜ್ಞಾನ ಪ್ರಪಂಚ'ದ ನಾಲ್ಕು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸಿದ ಅಡ್ಯನಡ್ಕ ಕೃಷ್ಣಭಟ್ಟರು 'ಬಾಲ ವಿಜ್ಞಾನ' ಮಾಸಪತ್ರಿಕೆಯ ಹಿಂದೆ ವರ್ಷಗಟ್ಟಲೆ ದುಡಿದರು. ಅಂಥವರ ಊರಿನಲ್ಲಿ ವಿಜ್ಞಾನದ ಸಂಕೇತವಾಗಿ ನಾವು ಆರಿಸಿದ್ದು ಏನನ್ನು! ಹೊರಗಿನ ಉದಾಹರಣೆಯೂ ಉಂಟು: ಮಧ್ಯಪ್ರದೇಶದ ಹೊಶಂಗಾಬಾದಿನಲ್ಲಿ 1972ರಲ್ಲಿ ಶುರುವಾದ ಶಾಲಾ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳು ಅಗ್ಗದ ಸಾಮಾನಿನಲ್ಲಿ ತಾವೇ ಪ್ರಯೋಗ ಮಾಡಿ ಕಲಿತರು. ಅಲ್ಲಿಗೆ ಹೋಗಿಬಂದ ಅರವಿಂದ ಗುಪ್ತ ಎಂಬ ಐಐಟಿ ಎಂಜಿನಿಯರು ಕಸದಿಂದ ಆಟಿಕೆ ಮಾಡುವುದನ್ನೇ ಬದುಕಾಗಿಸಿಕೊಂಡರು. 2002ರಲ್ಲಿ ಅಲ್ಲಿನ ಸರಕಾರ ಆ ಕಾರ್ಯಕ್ರಮವನ್ನು ಮುಚ್ಚಿತು. ನಮ್ಮಲ್ಲಿ ಮುಚ್ಚಲು ಸರಕಾರವೂ ಬೇಕಾಗಲಿಲ್ಲ, ಅಪ್ಪ ಅಮ್ಮನೇ ಸಾಕಾದರು.

"ಒಂದು ಆಟಿಕೆಗೆ ಇಷ್ಟು ಸಿಟ್ಟು ಎಂತಕ್ಕೆ ಮಾರಾಯ್ರೆ, ಚಂದ ಉಂಟು, ಇಟ್ಟಿದ್ದೇವೆ" ಎನ್ನುವವರು ಇದ್ದಾರೆ. ಚಂದಕ್ಕೆ ಇಟ್ಟದ್ದಾದರೆ ಹಾಗೆಯೇ ಹೇಳಿ. ಹಿತ್ತಾಳೆಯ ಆನೆ ಇಟ್ಟವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಆನೆಯಿಂದ ಮಗು ಪ್ರಾಣಿಶಾಸ್ತ್ರ ಕಲಿಯುತ್ತದೆ ಎಂದು ಅವರು ಹೇಳಿಕೊಳ್ಳುವುದಿಲ್ಲ. "ಟೆನ್ಶನ್ ಕಡಿಮೆ ಆಗ್ತದೆ" ಎನ್ನುವವರು ಇನ್ನೊಂದು ಗುಂಪು. ಬೆಳಗ್ಗೆ ಐದಕ್ಕೆ ಎದ್ದು ಕೋಚಿಂಗಿಗೆ ಹೋಗಿ ರಾತ್ರಿ ಹತ್ತಕ್ಕೆ ಮಲಗುವ ಹುಡುಗನ ಟೆನ್ಶನ್ನಿಗೆ ಐದು ಗುಂಡಿನ ಟಕ್ ಟಕ್ ಔಷಧಿಯೇ? ಅವನನ್ನು ಸಂಜೆ ಒಂದು ಗಂಟೆ ನದಿಬದಿಗೆ ಬಿಡಿ. "ಇದರಿಂದ ಯಾರೋ ಒಬ್ಬ ಮಗುವಿಗಾದರೂ ಕುತೂಹಲ ಹುಟ್ಟಬಹುದಲ್ಲ" ಎಂಬುದು ಎಲ್ಲಕ್ಕಿಂತ ಜಾಣ ಮಾತು. ಹುಟ್ಟಿತ್ತಲ್ಲ ಸ್ವಾಮೀ, ಆ ಒಕ್ಕಲಿನ ದಿನ ನನ್ನ ಕಣ್ಣೆದುರೇ ಹುಟ್ಟಿತ್ತು. ಮುಂದೇನು ಮಾಡಿದಿರಿ?

ಆದ್ದರಿಂದ ಬೋಳಾರದ, ಜೆಪ್ಪುವಿನ, ಮಂಗಳಾದೇವಿ ರಸ್ತೆಯ ಅಪ್ಪ ಅಮ್ಮಂದಿರೇ, ಇದನ್ನು ಕೊಳ್ಳುವುದನ್ನು ನಿಲ್ಲಿಸಿ. ಬರ್ತ್‌ಡೇಗೆ ಕೇರಂ ಬೋರ್ಡು ಕೊಡಿ, ಒಂದು ಚೀಲ ಗೋಲಿ ಕೊಡಿ, ಅಡುಗೆಮನೆಯ ತಕ್ಕಡಿ ಕೊಡಿ, ಹಾಳಾದ ಸೀಲಿಂಗ್ ಫ್ಯಾನು ಬಿಚ್ಚಲು ಕೊಡಿ. ಶಾಲೆಗಳೇ, ಬಹುಮಾನದ ಪಟ್ಟಿಯಿಂದ ಇದನ್ನು ತೆಗೆದುಹಾಕಿ, ಆ ಹಣದಲ್ಲಿ ದಾರ, ಕೊಕ್ಕೆ, ಸ್ಟಾಪ್‌ವಾಚು ತನ್ನಿ. ಪೋಷಕರ ಸಭೆಗೆ ಹೋಗುವವರು ಇನ್ನು ಮುಂದೆ ಮಾರ್ಕ್ಸ್‌ಕಾರ್ಡಿಗೆ ಸಹಿ ಹಾಕುವ ಮೊದಲು ಒಂದೇ ಮಾತು ಕೇಳಿ: ಲ್ಯಾಬಿನ ಕಪಾಟಿನ ಕೀಲಿ ಯಾರ ಹತ್ತಿರ ಉಂಟು, ಈ ತಿಂಗಳು ಎಷ್ಟು ಸಲ ತೆರೆದಿರಿ? ಉತ್ತರ ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಮಕ್ಕಳು ಗಾಜು ಒಡೆದರೆ ದುಡ್ಡು ಕೊಡುತ್ತೇವೆ ಎಂದು ಬರೆದುಕೊಡಿ. ಕೋಚಿಂಗಿಗೆ ಲಕ್ಷ ಕಟ್ಟುವವರಿಗೆ ನೂರು ರೂಪಾಯಿಯ ಗಾಜು ಭಾರವೇ?

ಈಗಾಗಲೇ ಕೊಂಡು ಇಟ್ಟಿದ್ದರೆ ಎಸೆಯಬೇಡಿ, ಹಾಳುಮಾಡಿ. ಮಗುವನ್ನು ಕೂರಿಸಿಕೊಂಡೇ ಹಾಳುಮಾಡಿ. ಮೊದಲು ಒಂದು ನೂಲು ಕತ್ತರಿಸಿ ನಾಲ್ಕೇ ಗುಂಡಿನಲ್ಲಿ ಆಡಿಸಿ. ನಡುವಿನ ಗುಂಡು ತೆಗೆದು ಅಲ್ಲಿ ಗೋಲಿ ತೂಗುಬಿಡಿ, ಸದ್ದು ಎಲ್ಲಿ ಕೆಟ್ಟಿತು ಕೇಳಿ. ಆಮೇಲೆ ಐದೂ ಉಕ್ಕಿನ ಗುಂಡನ್ನು ಮತ್ತೆ ಕಟ್ಟಿ, ಗುಂಡು ಗುಂಡುಗಳ ನಡುವೆ ಆವೆಮಣ್ಣು ಮೆತ್ತಿ ಒಂದನ್ನು ಬಿಡಿ. ಟಕ್ ಇಲ್ಲ, ಹಾರುವುದಿಲ್ಲ. ಐದೂ ಅಂಟಿಕೊಂಡು ಐದನೇ ಒಂದು ವೇಗದಲ್ಲಿ ತೊನೆಯುತ್ತವೆ. ಸಂವೇಗ ಪೂರ್ತಿ ಉಳಿದಿದೆ, ಚಲನಶಕ್ತಿಯಲ್ಲಿ ಉಳಿದದ್ದು ಐದರಲ್ಲಿ ಒಂದು ಪಾಲು. ಉಳಿದ ನಾಲ್ಕು ಪಾಲನ್ನು ಆ ಚಿಟಿಕೆ ಮಣ್ಣು ತಿಂದಿತು. ಅಣ್ಣನ ಮೂರು ಪದದಲ್ಲಿ ಎರಡು ಬೇರೆ ಬೇರೆ ನಿಯಮಗಳು ಹೇಗೆ ಕಲಸಿಹೋಗಿದ್ದವು ಎಂಬುದು ಆಗ ಅವನಿಗೇ ಕಾಣುತ್ತದೆ.

ಬರುವ ಭಾನುವಾರ ಆ ಮನೆಗೆ ಇನ್ನೊಮ್ಮೆ ಹೋಗುವವನಿದ್ದೇನೆ. ಒಕ್ಕಲಿಗೆ ಬರಿಗೈಯಲ್ಲಿ ಹೋಗಿದ್ದೆ, ಉಡುಗೊರೆ ಬಾಕಿ ಉಂಟು. ಒಂದು ಮುದ್ದೆ ಆವೆಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಚಿಕ್ಕವಳನ್ನು ಕರೆಯಿರಿ ಎನ್ನುತ್ತೇನೆ. "ನೂಲು ಸಿಕ್ಕಾಗ್ತದೆ" ಎಂದು ಅಪ್ಪ ಹೇಳಿಯೇ ಹೇಳುತ್ತಾರೆ. ಕತ್ತರಿ ನನ್ನ ಚೀಲದಲ್ಲೇ ಉಂಟು.